ಹವಾಲ್ದಾರರ ಟೊಂಕ, ನನ್ನ ಎಡಗಾಲು

ನಾನು ಹುಟ್ಟುವಾಗ ತಲೆಗಿಂತ ಮೊದಲು ಕಾಲು ಹೊರಗೆ ಬಂತಂತೆ. ಅಂದಿನಿಂದ ಇಂದಿನವರೆಗೆ ನನ್ನ ತಲೆಗೆ ಸಿಗದ ಮರ್ಯಾದೆ ನನ್ನ ಕಾಲಿಗೆ ಸಿಗುತ್ತ ಬಂದಿದೆ. ನಮ್ಮ ನಾಲವಾರದ ಸುತ್ತಮುತ್ತ, ಹಾಗೆ ಕಾಲು ಮುಂದಾಗಿ ಹುಟ್ಟಿದವರು ಎಡಗಾಲಿನಿಂದ ಮೂರು ಸಲ ಒದ್ದರೆ ಹಿಡಿದ ಟೊಂಕ ಬಿಡುತ್ತದೆ ಎಂದು ನಂಬುತ್ತಾರೆ. ಜೋರಾಗಿ ಒದೆಯಬೇಕಿಲ್ಲ, ತಾಗಿದರೆ ಸಾಕು. ಬೆಳಗ್ಗೆ, ಖಾಲಿ ಹೊಟ್ಟೆಯಲ್ಲಿ, ಹೊಸ್ತಿಲ ಹತ್ತಿರ. ಒದೆಸಿಕೊಂಡವರು ವಯಸ್ಸಿನಲ್ಲಿ ದೊಡ್ಡವರಾದರೆ ಒದ್ದವರು ಆಮೇಲೆ ಬಗ್ಗಿ ಮಾಫಿ ಕೇಳಬೇಕು. ದುಡ್ಡು ಮಾತ್ರ ಮುಟ್ಟುವಂತಿಲ್ಲ, ಮುಟ್ಟಿದರೆ ಕಾಲಿನ ಗುಣ ಹೋಗುತ್ತದೆ. ಈ ಕೊನೆಯ ನಿಯಮ ಮಾಡಿದವರು ಯಾರೆಂದು ಗೊತ್ತಿಲ್ಲ. ಕಾಲು ಮುಂದಾಗಿ ಹುಟ್ಟಿದವರಂತೂ ಅಲ್ಲ.

ಐದು ವರ್ಷದವನಿದ್ದಾಗ ಅಮ್ಮಿ ನನ್ನನ್ನು ನಿದ್ದೆಗಣ್ಣಲ್ಲೇ ಎತ್ತಿಕೊಂಡು ಬಂದು, ಬೋರಲು ಮಲಗಿದ ಯಾರದೋ ಬೆನ್ನಿಗೆ ನನ್ನ ಪಾದ ತಾಗಿಸಿ, ಮತ್ತೆ ಒಯ್ದು ಹಾಸಿಗೆಗೆ ಹಾಕುತ್ತಿದ್ದಳು. ನನಗೇ ಗೊತ್ತಿಲ್ಲದೆ ಎಷ್ಟು ಹಿರಿಯರನ್ನು ಒದ್ದಿದ್ದೇನೋ. ಮುಂದೆ ಡಿ.ಫಾರ್ಮಾ ಸೇರಿದೆ. ಎರಡು ವರ್ಷದ ಕೋರ್ಸನ್ನು ಮೂರು ವರ್ಷ ಕೂಲಂಕಷವಾಗಿ ಓದಿದೆ. ಈಗ ವಾಡಿಯ ಸ್ಟೇಷನ್ ರಸ್ತೆಯಲ್ಲಿ ಮತೀನ ಸೇಠರ ಮೆಡಿಕಲ್‌ನಲ್ಲಿ ತಿಂಗಳ ಪಗಾರಕ್ಕೆ ನಿಲ್ಲುತ್ತೇನೆ. ‘ಕೆಲಸ ಮಾಡುತ್ತೇನೆ’ ಎಂದು ಬರೆಯಬಹುದಿತ್ತು, ಆದರೆ ಸೇಠರು ಓದುವ ಸಂಭವವಿದೆ.

ಹೀಗೆ ಬೆಳಗ್ಗೆ ಊರಲ್ಲಿ ಒದೆ, ರೈಲು ಹತ್ತಿ ವಾಡಿಗೆ ಬಂದರೆ ಗುಳಿಗೆ. ಎರಡೂ ಟೊಂಕದವರಿಗೇ. ಶಹಾಬಾದಿನ ಫರ್ಸಿ ಕಲ್ಲು ಎತ್ತಿದವರು, ಸಿಮೆಂಟು ಚೀಲ ಹೊತ್ತವರು, ಅವನ್ನೆಲ್ಲ ತುಂಬಿಕೊಂಡು ಲಾರಿ ಓಡಿಸಿದವರು. ದೇಶದ ಎಷ್ಟೋ ಮನೆಗಳ ನೆಲ, ಗೋಡೆ ನೆಟ್ಟಗಿರಲೆಂದು ನಮ್ಮ ಕಡೆಯವರು ತಾವು ಬಾಗಿದ್ದಾರೆ.

ನನ್ನ ಎರಡೂ ಕಸುಬಿಗೆ ಖಾಯಂ ಗಿರಾಕಿಯೆಂದರೆ ಹವಾಲ್ದಾರ್ ಭಗವಂತ ಒಬ್ಬರೇ. ನಾನು ಅವರನ್ನು ಕಾಕಾ ಎನ್ನುತ್ತೇನೆ. ನಾಲವಾರದ ಕಲ್ಲು ಒಡೆಯುವವರ ಮನೆಯಲ್ಲಿ ಹುಟ್ಟಿ, ಹತ್ತೊಂಬತ್ತನೆಯ ವಯಸ್ಸಿಗೆ ಸೈನ್ಯಕ್ಕೆ ಸೇರಿ, ಇಪ್ಪತ್ತನಾಲ್ಕು ವರ್ಷ ಅಲ್ಲಿ ಲಾರಿ ಓಡಿಸಿದವರು. ಪಠಾಣಕೋಟದಿಂದ ಲೇಹ್‌ಗೆ ಹಿಟ್ಟು, ಸೀಮೆಎಣ್ಣೆ, ಆಲೂಗಡ್ಡೆ. ರಿಟೈರ್ ಆಗಿ ಬಂದಾಗ ಮೀಸೆ ನೆಟ್ಟಗಿತ್ತು, ಟೊಂಕ ಇರಲಿಲ್ಲ. ಊರಿನವರು ತಮಗೆ ತಿಳಿದಂತೆ ಅದನ್ನು ಕಾರ್ಗಿಲ್ಲಿನ ಗುಂಡು ಎಂದುಕೊಂಡರು. ಕಾಕಾ ಪ್ರತಿ ಸಲ ತಿದ್ದುತ್ತಿದ್ದರು.

“ಗುಂಡಲ್ಲೋ, ಸ್ಟೆಪ್ನಿ. ಬರ್ಫದಾಗ ಗಾಲಿ ಬದಲಿ ಮಾಡುವಾಗ ಒಬ್ನೇ ಎತ್ತಿದೆ. ಟಕ್ ಅಂತು. ಅಷ್ಟೇ ನನ್ನ ಯುದ್ಧ.”

ಊರಿನವರು ತಲೆಯಾಡಿಸಿ, ಕಾಕಾ ಅತ್ತ ಹೋದ ಮೇಲೆ, ಎಷ್ಟು ಸಾದಾ ಮನುಷ್ಯ ನೋಡು, ಗುಂಡು ಬಿದ್ದದ್ದನ್ನೂ ಹೇಳಿಕೊಳ್ಳುವುದಿಲ್ಲ ಎನ್ನುತ್ತಿದ್ದರು.

ಸೈನ್ಯದ ಡಾಕ್ಟರೊಬ್ಬರು ಬರೆದುಕೊಟ್ಟ ಗುಳಿಗೆಯ ಹೆಸರು ಟ್ರಮಡಾಲ್. ಅಫೀಮಿನ ದೂರದ ಬಂಧು ಎನ್ನಬಹುದು. ನೋವನ್ನು ಮಲಗಿಸುತ್ತದೆ, ಜೊತೆಗೆ ಮನುಷ್ಯನನ್ನೂ ತುಸು ತೂಗುತ್ತದೆ. ಮೈಗೆ ರೂಢಿಯಾದರೆ ಒಂದು ಇದ್ದದ್ದು ಎರಡಾಗುತ್ತದೆ. ಅದಕ್ಕೇ ಡಾಕ್ಟರ ಚೀಟಿಯಿಲ್ಲದೆ ಕೊಡಬಾರದು, ಕೊಟ್ಟಾಗ ಚೀಟಿಯ ಮೇಲೆ ಸಿಕ್ಕಾ ಒತ್ತಬೇಕು ಎಂಬ ಕಾನೂನಿದೆ. ಕಾಕಾನ ಹತ್ತಿರ ಚೀಟಿ ಇತ್ತು. ಲ್ಯಾಮಿನೇಷನ್ ಮಾಡಿಸಿದ್ದರು.

“ಕಾಕಾ, ಇದರ ಮ್ಯಾಲಿನ ತಾರೀಖು ಆರು ವರ್ಷದ್ದದ.”

“ಟೊಂಕನೂ ಆರು ವರ್ಷದ್ದೇ ಅದಲ್ಲ.”

“ಸಿಕ್ಕಾ ಹೊಡೀಬೇಕ್ರಿ. ಪ್ಲಾಸ್ಟಿಕ್ ಮ್ಯಾಲ ನಿಂದರಂಗಿಲ್ಲ, ಒರಸಿ ಹೋಗ್ತದ.”

“ಮಳಿಗೆ ಹಾಳಾಗಬಾರ್ದು ಅಂತ ಮಾಡಿಸೀನಿ. ಆಧಾರ್, ರೇಶನ್ ಕಾರ್ಡ್, ಪೆನ್ಷನ್ ಬುಕ್ಕು, ಎಲ್ಲಾ ಒಂದೇ ದಿನ ಮಾಡಿಸ್ದೆ. ಒಟ್ಟಿಗೆ ಮಾಡಿಸಿದ್ರ ಸೋವಿ.”

ನಾನು ನಕ್ಕೆ, ಗುಳಿಗೆ ಕೊಟ್ಟೆ. ಮೂರು ವರ್ಷ ಹಾಗೇ ನಕ್ಕು ಕೊಡುತ್ತ ಬಂದೆ. ದಿನಕ್ಕೆ ಒಂದಿದ್ದದ್ದು ನಾಲ್ಕಾಯಿತು. ವಾರಕ್ಕೊಮ್ಮೆ ಬೆಳಗ್ಗೆ ಮನೆಗೆ ಬಂದು ಹೊಸ್ತಿಲ ಹತ್ತಿರ ಮಲಗಿ ಒದೆಯನ್ನೂ ತಿನ್ನುತ್ತಿದ್ದರು. ಇಷ್ಟು ಮಾಡಿಯೂ ನೋವು ಇದ್ದಲ್ಲೇ ಇತ್ತು ಎಂದರೆ ನನ್ನ ಎರಡು ವಿದ್ಯೆಗಳ ಬಗ್ಗೆ ಓದುಗರು ತಮಗೆ ತಿಳಿದ ತೀರ್ಮಾನಕ್ಕೆ ಬರಬಹುದು.

ಕಾಕಾ ಸುಮ್ಮನೆ ಮನೆಯಲ್ಲಿ ಕೂಡುವವರಲ್ಲ. “ಮನಿಯಾಗ ಕುಂತ್ರ ನಿಮ್ಮ ಕಾಕಿ ನನಗ ಪಲ್ಯ ಸೋಸಲಿಕ್ಕ ಹಚ್ತಾಳ” ಎಂದು ವಾಡಿಯ ಒಂದು ಶಾಲೆಯ ಬಸ್ಸಿಗೆ ಡ್ರೈವರ್ ಆಗಿದ್ದರು. ನಾಲವಾರದಿಂದ ಹೊರಟು, ದಾರಿಯ ತಾಂಡಾ, ಹಳ್ಳಿಗಳಿಂದ ಮೂವತ್ತೆರಡು ಮಕ್ಕಳನ್ನು ತುಂಬಿಕೊಂಡು ಹೋಗುವ ಹಳದಿ ಬಸ್ಸು. ಯಾರಿಗೆ ಕಿಟಕಿ ಬೇಕು, ಯಾರನ್ನು ಯಾರ ಪಕ್ಕ ಕೂಡಿಸಬಾರದು, ಯಾರು ಯಾವ ತಿರುವಿನಲ್ಲಿ ವಾಂತಿ ಮಾಡುತ್ತಾರೆ, ಎಲ್ಲ ಅವರಿಗೆ ಬಾಯಿಪಾಠ. ಸ್ವಂತ ಮಗಳು ಯಶೋಧರಾ ಸೇಡಂನಲ್ಲಿ ನರ್ಸು. ಅವಳ ಹುಟ್ಟಿದ ದಿನ ಮರೆಯುವ ಈ ಮನುಷ್ಯನಿಗೆ ಮೂವತ್ತೆರಡು ಮಕ್ಕಳದ್ದು ನೆನಪಿರುತ್ತಿತ್ತು.

ಮಾರ್ಚ್ ಕೊನೆಯಲ್ಲಿ ಒಂದು ಸಂಜೆ ಕಾಕಾ ಅಂಗಡಿಗೆ ಬಂದು ಏನನ್ನೂ ಕೇಳದೆ ಸ್ಟೂಲಿನ ಮೇಲೆ ಕುಳಿತರು.

“ಇವತ್ತ ಮುಂಜಾನಿ ಗಾಡಿಗೆ ಒಂದು ಆಡು ಅಡ್ಡ ಬಂತು, ನಯೀಮ.”

“ಸತ್ತಿತೇನ್ರಿ?”

“ಇಲ್ಲ, ಉಳದದ. ಹುಡುಗರು ನಕ್ಕರು. ಆದ್ರ ನನ್ನ ಕಾಲು ಬ್ರೇಕಿಗೆ ತಡಾ ಮಾಡಿ ಹೋಯ್ತು. ಹಿಂದ್ಯಾವಾಗೂ ಹಂಗ ಆಗಿದ್ದಿಲ್ಲ. ಗುಳಿಗಿ ನುಂಗಿ ಒಂದು ತಾಸಾಗಿತ್ತು.”

“ಆಡಿನ ತಪ್ಪು ಇರಬೇಕು ಬಿಡ್ರಿ.”

“ಆಡಿಗೆ ಲೈಸೆನ್ಸ್ ಇಲ್ಲೋ. ನನಗ ಅದ.”

ಅಷ್ಟು ಹೊತ್ತಿಗಾಗಲೇ ಅವರು ಶಾಲೆಗೆ ಹೋಗಿ ಬಸ್ಸಿನ ಚಾವಿ ಕೊಟ್ಟು ಬಂದಿದ್ದರು. ಶಾಲೆ ನಡೆಸುವ ಫಿರ್ದೋಸ್ ಮೇಡಂಗೆ ಮೊದಲು ಅರ್ಥವೇ ಆಗಲಿಲ್ಲವಂತೆ. “ಯಾರೂ ನೋಡಿಲ್ಲ, ಯಾರಿಗೂ ಏನೂ ಆಗಿಲ್ಲ. ನೀವಾಗೇ ಬಂದು ಯಾಕ ಹೇಳ್ಲಿಕತ್ತೀರಿ ಹವಾಲ್ದಾರ್‌ಸಾಬ್?” ಎಂದರಂತೆ. “ನಾ ನೋಡೀನಲ್ಲ ಮೇಡಂ” ಎಂದರಂತೆ ಕಾಕಾ. ಗುಳಿಗೆ ಇರುವ ಜೇಬಿನಲ್ಲಿ ಗಾಡಿಯ ಚಾವಿ ಇರಬಾರದು, ಅದು ಅವರ ಮಾತು. ಮೇಡಂ ಯೋಚಿಸಿ, ಪರೀಕ್ಷೆ ಮುಗಿಯುವವರೆಗೆ ಬೇರೆ ಡ್ರೈವರ್ ನೋಡುತ್ತೇನೆ, ಆಮೇಲೆ ಬೇಸಿಗೆ ರಜೆ ಇದೆ, ಜೂನ್ ಒಂದಕ್ಕೆ ಗುಳಿಗೆ ಪೂರ್ತಿ ಬಿಟ್ಟು ಬಂದರೆ ಸೀಟು ನಿಮ್ಮದೇ, ಇಲ್ಲದಿದ್ದರೆ ಇನ್ನೊಬ್ಬರನ್ನು ಖಾಯಂ ಮಾಡಬೇಕಾಗುತ್ತದೆ ಎಂದಿದ್ದರು.

“ಎರಡು ತಿಂಗಳು ಸಾಕ್ರಿ ಕಾಕಾ” ಎಂದೆ ನಾನು, ಏನೋ ಗೊತ್ತಿದ್ದವನ ಹಾಗೆ.

“ಎರಡು ತಿಂಗಳು ಯಾಕೋ? ಫೌಜ್‌ದಾಗ ‘ಥಮ್’ ಅಂದ್ರ ಅಲ್ಲೇ ನಿಂದರೋದು. ಇನ್ನಾ ನಾಕು ಹೆಜ್ಜಿ ಹಾಕಿ ಆಮ್ಯಾಗ ನಿಂತ್ರ ಅದು ಪರೇಡ್ ಅಲ್ಲ, ಮದುವಿ ಮೆರವಣಿಗಿ.”

ಹಾಗೆ ಹೇಳಿದವರು ಎರಡು ವಾರ ‘ಇವತ್ತೊಂದು ದಿನ’ ಎನ್ನುತ್ತ ತಳ್ಳಿ, ಏಪ್ರಿಲ್ ನಡುವಿಗೆ ಒಂದು ಬೆಳಗ್ಗೆ ಖರೇ ಖರೇ ಥಮ್ ಎಂದರು. ನಾಲ್ಕರಿಂದ ನೇರ ಸೊನ್ನೆಗೆ. ನಾನು ಶಾಬಾಸ್ ಎಂದೆ.

ಮೂರನೆಯ ದಿನ ಲಾಲಮ್ಮ ಕಾಕಿ ಫೋನ್ ಮಾಡಿದಳು. “ತಮ್ಮಾ, ನಿಮ್ಮ ಕಾಕಾಗ ಬಿಸಿಲು ಹತ್ಯಾದ. ಮೈಯೆಲ್ಲಾ ಬೆವರು, ಮೂಗು ಸೋರ್ಲಿಕತ್ಯಾದ, ನಾಕು ಸಲ ಹೊರಗ ಹೋಗಿ ಬಂದಾರ. ಕಾಲು ತಾವೇ ಜಾಡಸ್ತಾವ. ಉಳ್ಳಾಗಡ್ಡಿ ಅರದು ಅಂಗಾಲಿಗೆ ತಿಕ್ಕೀನಿ, ಮಾವಿನಕಾಯಿ ಪಾನಕ ಕೊಟ್ಟೀನಿ. ನೀ ಏನರ ಕಳಸು.”

ಹೊರಗೆ ನಲವತ್ತಮೂರು ಡಿಗ್ರಿ. ನಮ್ಮ ಕಡೆ ಏಪ್ರಿಲ್‌ನಲ್ಲಿ ಏನೇ ಆದರೂ ಅದಕ್ಕೆ ಬಿಸಿಲೇ ಕಾರಣ. ಜ್ವರ ಬಂದರೂ ಬಿಸಿಲು, ಗಂಡ ಹೆಂಡತಿ ಜಗಳಾಡಿದರೂ ಬಿಸಿಲು, ಹುಡುಗ ಪರೀಕ್ಷೆಯಲ್ಲಿ ಫೇಲಾದರೂ ಬಿಸಿಲು. ನನ್ನ ಮೂರನೆಯ ವರ್ಷಕ್ಕೂ ಮನೆಯಲ್ಲಿ ಅದನ್ನೇ ಹೇಳಿದ್ದೆ. ಹಾಗಾಗಿ ನಾನು ಎಂಟು ಪೊಟ್ಟಣ ಓಆರ್‌ಎಸ್ ಕಳಿಸಿದೆ. ಕಿತ್ತಳೆ ರುಚಿಯದು. ರುಚಿಯ ವಿಷಯದಲ್ಲಿ ನಾನು ಯೋಚಿಸಿದ್ದೆ, ರೋಗದ ವಿಷಯದಲ್ಲಿ ಇಲ್ಲ.

ಸಂಜೆ ಯಶೋಧರಕ್ಕನ ಫೋನ್ ಬಂತು.

“ನಯೀಮ, ಅಪ್ಪ ಗುಳಿಗಿ ಬಿಟ್ಟು ಎಷ್ಟ ದಿನ ಆಯ್ತು?”

“ಮೂರು ದಿನ ಅಕ್ಕಾ. ಭಾಳ ಧೈರ್ಯದಿಂದ ಬಿಟ್ಟಾರ.”

“ಧೈರ್ಯಕ್ಕ ಬೆಂಕಿ ಹಚ್ಚು. ಮೈಮ್ಯಾಲ ಮುಳ್ಳೆದ್ದಾವ, ಚಳಿ ಅಂತ ಕೌದಿ ಹೊಚ್ಚಿಕೊಂಡಾರ ಅಂತ ಅವ್ವ ಹೇಳ್ಲಿಕತ್ತಾಳ. ಈ ಬಿಸಿಲಾಗ ಕೌದಿ. ಆಕಳಿಕಿ ಮ್ಯಾಲ ಆಕಳಿಕಿ. ಇದು ಬಿಸಿಲೇನು?”

“ಓಆರ್‌ಎಸ್ ಕಳಿಸೀನಿ ಅಕ್ಕಾ” ಎಂದೆ.

“ನೀ ಮೆಡಿಕಲ್‌ದಾಗ ಅದೀಯೋ, ಕಿರಾಣಿ ಅಂಗಡ್ಯಾಗ ಅದೀಯೋ? ವರ್ಷಗಟ್ಟಲೆ ದಿನಾ ನುಂಗಿದ್ದು ಒಮ್ಮೆಲೆ ಬಿಟ್ರ ಮೈ ಬಿಡ್ತದೇನು? ನಿನಗ ಓದಿಸಿಲ್ಲೇನು ಇದು?”

ಓದಿಸಿದ್ದರು. ಹತ್ತು ಅಂಕದ ಪ್ರಶ್ನೆಯಾಗಿಯೇ ಬಂದಿತ್ತು. ಅಫೀಮಿನ ಜಾತಿಯ ಔಷಧಿಯನ್ನು ಒಮ್ಮೆಲೆ ನಿಲ್ಲಿಸಿದರೆ ಕಾಣುವ ಲಕ್ಷಣಗಳನ್ನು ವಿವರಿಸಿ. ಬೆವರು, ಆಕಳಿಕೆ, ಮೂಗು ಸೋರುವುದು, ರೋಮಾಂಚನ, ಭೇದಿ. ಒಂದೂ ಬಿಡದೆ ಬರೆದಿದ್ದೆ. ಕಾಗದದ ಮೇಲೆ ಗುರುತಿಸಿದ್ದೆ, ಕಾಕಾನ ಮೈಮೇಲೆ ಗುರುತಿಸಲಿಲ್ಲ.

ಮರುದಿನ ಅಪ್ಪ, ಮಗಳು, ನಾನು ಮೂವರೂ ಕಲಬುರಗಿಗೆ ಹೋದೆವು. ಮಾಜಿ ಸೈನಿಕರನ್ನು ನೋಡುವ ಡಾಕ್ಟರು ವಯಸ್ಸಾದವರು, ಸಮಾಧಾನಿ. ಹಳೆಯ ಚೀಟಿಯ ಮೇಲೆ ಏನೋ ಬರೆಯಲು ಹೋದರು, ಪ್ಲಾಸ್ಟಿಕ್ ಮೇಲೆ ಪೆನ್ನು ಜಾರಿತು. ಚೀಟಿಯನ್ನು ತಿರುಗಿಸಿ ನೋಡಿ, ನನ್ನನ್ನು ನೋಡಿ, ಅದನ್ನು ತಮ್ಮ ಡ್ರಾವರಿನಲ್ಲಿ ಹಾಕಿ ಮುಚ್ಚಿಬಿಟ್ಟರು. ಆಮೇಲೆ ಕಾಕಾನ ಕಾಲೆತ್ತಿಸಿ, ಬೆರಳು ಚುಚ್ಚಿ, ಹಳೆಯ ಎಕ್ಸ್‌ರೇ ಫಿಲ್ಮುಗಳನ್ನು ನೋಡಿ, ನರಕ್ಕೆ ಪೆಟ್ಟಿಲ್ಲ, ಇದು ಸ್ನಾಯು ಮತ್ತು ಕೀಲುಗಳ ಹಟ ಎಂದರು.

“ನೀವು ಡ್ರೈವರ್ ಅಲ್ಲೇನ್ರಿ? ಘಾಟ್ ಇಳಿಯುವಾಗ ಟಾಪ್ ಗೇರಿನಿಂದ ಒಮ್ಮೆಲೆ ನ್ಯೂಟ್ರಲ್ ಮಾಡ್ತೀರೇನು?”

“ಸತ್ತೇ ಹೋಗ್ತೀವಲ್ಲ ಸಾಹೇಬ್ರ.”

“ಹಂಗಿದ್ರ ಇದನ್ನೂ ಒಂದೊಂದೇ ಗೇರ್ ಇಳಸ್ರಿ. ಆರು ದಿನಕ್ಕೊಮ್ಮೆ ಅರ್ಧ ಗುಳಿಗಿ ಕಮ್ಮಿ. ತ್ರಾಸ ಆದ್ರ ಅದೇ ಗೇರಿನಾಗ ಇರ್ರಿ, ಮ್ಯಾಲ ಹೋಗಬ್ಯಾಡ್ರಿ. ಪೂರಾ ಬಿಟ್ಟು ಒಂದು ವಾರ ಆದ ಮ್ಯಾಲೇ ಗಾಡಿ ಮುಟ್ಟಬೇಕು.”

ಹಿಂದಿನ ಸಂಜೆಯಿಂದ ಮಗಳು ಹೇಳಿದ್ದು ತಲೆಗೆ ಹೋಗದ ಕಾಕಾಗೆ ಇದು ಥಟ್ಟನೆ ಹೋಯಿತು. ಬರೀ ಗುಳಿಗೆ ಇಳಿಸಿದರೆ ನೋವು ಏಳುತ್ತದೆ, ಅದಕ್ಕೆ ವ್ಯಾಯಾಮ ಬೇಕು, ಒಳ್ಳೆಯ ಕೈ ಇರುವವರು ಬೆನ್ನು ಸಡಿಲು ಮಾಡಿಕೊಟ್ಟರೆ ಇನ್ನೂ ಒಳ್ಳೆಯದು ಎಂದು ಡಾಕ್ಟರು ಹೇಳುವಾಗ ಕಾಕಾ ನನ್ನ ಎಡಗಾಲಿನ ಸಂಗತಿ ತೆಗೆದರು. ಡಾಕ್ಟರು ನನ್ನ ಕಾಲು ನೋಡಿದರು. ಮುಖ ನೋಡಿದರು.

“ಅದರಿಂದ ಹಾನಿ ಏನಿಲ್ಲ ಬಿಡ್ರಿ” ಎಂದರು.

ಓದಿದ ಮನುಷ್ಯರೊಬ್ಬರು ನನ್ನ ಬಗ್ಗೆ ಇಲ್ಲಿಯವರೆಗೆ ಆಡಿದ ಅತ್ಯಂತ ಒಳ್ಳೆಯ ಮಾತು ಅದು.

ಒಳ್ಳೆಯ ಕೈ ಎಂದರೆ ನಮ್ಮ ಭಾಗದಲ್ಲಿ ಶಹಾಬಾದಿನ ಖಾಜಾಮಿಯಾ ಪೈಲ್ವಾನರದು. ಎಪ್ಪತ್ತರ ಹತ್ತಿರ ಬಂದವರು. ಹುಡುಗನಿದ್ದಾಗಿನಿಂದ ಕುಸ್ತಿಯ ತಾಲೀಮಿನಲ್ಲಿ ಉಸ್ತಾದರ ಕೈಕೆಳಗೆ ಬೆನ್ನು, ಭುಜ, ಮೊಣಕಾಲು ಸರಿ ಮಾಡುವುದು ಕಲಿತು, ತಮ್ಮ ಕುಸ್ತಿ ಮುಗಿದ ಮೇಲೆ ಅದನ್ನೇ ಇಟ್ಟುಕೊಂಡವರು. ಅಪ್ಪನ ಬೆನ್ನು ಒಪ್ಪಿಸುವ ಮೊದಲು ತಾನೇ ಅವರ ಪರೀಕ್ಷೆ ತೆಗೆದುಕೊಳ್ಳುವುದಾಗಿ ಯಶೋಧರಕ್ಕ ನಮ್ಮಿಬ್ಬರ ಜೊತೆ ಹೊರಟಳು. ಅಲ್ಲಿ ನಡೆದದ್ದು ಉಲ್ಟಾ.

“ಕಾಲಾಗ ಜೋಮು ಅದ ಏನ್ರಿ?” ಪೈಲ್ವಾನರು ಕಾಕಾನನ್ನು ಕೇಳಿದರು.

“ಇಲ್ರಿ.”

“ಒಂದಕ್ಕ, ಎರಡಕ್ಕ ಹೋಗೋದು ಹತೋಟ್ಯಾಗ ಅದ?”

“ಅದ.”

“ಜ್ವರ? ಮೈ ಇಳಿಯೋದು? ಎಲ್ಲ್ಯರ ಬಿದ್ದೀರೇನು? ಡಾಕ್ಟರ್ ನೋಡ್ಯಾರೇನು? ಏನ್ ಅಂದ್ರು, ಅಂದಾಂಗ ಹೇಳ್ರಿ.” ಎಲ್ಲ ಕೇಳಿ ಯಶೋಧರಕ್ಕನ ಕಡೆ ತಿರುಗಿದರು. “ಬೇಟಿ, ಇವುದ್ರಾಗ ಒಂದಕ್ಕ ಹೌದು ಅಂದಿದ್ರೂ ನಾ ಕೈ ಹಚ್ತಿದ್ದಿಲ್ಲ, ದೊಡ್ಡ ದವಾಖಾನಿಗೆ ಅಂತಿದ್ದೆ. ಕುತ್ತಿಗಿ ನಾ ಯಾರದೂ ತಿರವಂಗಿಲ್ಲ. ಮತ್ತೇನರ ಕೇಳೋದದ?”

ಅಕ್ಕ ಅಪ್ಪನ ಅಂಗಿ ಬಿಚ್ಚಿಸಿ ಮಡಿಚಿಟ್ಟಳು. ಅಂಗಳದಲ್ಲಿ ಬೇವಿನ ಕೆಳಗೆ ಒಂದು ಉದ್ದನೆಯ ಫರ್ಸಿ ಕಲ್ಲು, ಅದರ ಮೇಲೆ ಮಡಿಸಿದ ಜಮಖಾನೆ. ಕಾಕಾನನ್ನು ಬೋರಲು ಮಲಗಿಸಿ, ಎಳ್ಳೆಣ್ಣೆ ಹಚ್ಚಿದ ಹೆಬ್ಬೆರಳುಗಳಿಂದ ಬೆನ್ನ ಮಣಿಗಳನ್ನು ಒಂದೊಂದಾಗಿ ಒತ್ತುತ್ತ ಇಳಿದರು. ಆಮೇಲೆ ಮಗ್ಗುಲಾಗಿಸಿ, ಮೇಲಿನ ಮೊಣಕಾಲು ಮಡಿಸಿ, ಒಂದು ಕೈ ಭುಜಕ್ಕೆ, ಇನ್ನೊಂದು ಟೊಂಕಕ್ಕೆ.

“ಫೌಜಿಸಾಬ್, ಉಸಿರು ಬಿಡ್ರಿ. ಎಲ್ಲಿ ಡ್ಯೂಟಿ ಇತ್ತಂದ್ರಿ ನಿಮ್ದು?”

“ಲೇ...”

ಹ್‌ ಬರುವ ಮೊದಲೇ ಟಕ್ ಎಂದಿತು. ನಾನು ಬೇವಿನ ಮರ ಹಿಡಿದುಕೊಂಡೆ. ಕಾಕಾ ಎದ್ದು ಕುಳಿತು ಎರಡು ಕ್ಷಣ ಎಲ್ಲಿದ್ದೇನೆ ಎಂದು ನೋಡುವವರಂತೆ ನೋಡಿದರು.

“ನೋವು ಹೋಯ್ತೇನ್ರಿ ಕಾಕಾ?”

“ಹೋಗಿಲ್ಲ. ಜರಾ ಸರದು ಕುಂತದ.”

ಪೈಲ್ವಾನರಿಗೆ ಆ ಉತ್ತರ ಇಷ್ಟವಾಯಿತು. ಒಮ್ಮೆಗೇ ಹೋಯಿತು ಎನ್ನುವವರನ್ನು ಅವರು ನಂಬುವುದಿಲ್ಲವಂತೆ. “ನಾ ಬಾಗಿಲು ತೆರೀತೀನಿ ಅಷ್ಟೇ. ಒಳಗ ಹೋಗಿ ಬಂದು ಮಾಡಿ ಬಾಗಿಲು ಮತ್ತ ಮುಚ್ಚಲಾರದಂಗ ಇಟ್ಕೊಳ್ಳೋದು ನಿಮ್ಮ ಕೆಲಸ” ಎಂದು ನಾಲ್ಕು ಕಸರತ್ತು ಹೇಳಿಕೊಟ್ಟರು. ಬೆಕ್ಕಿನಂತೆ ಬೆನ್ನು ಎತ್ತುವುದು, ಇಳಿಸುವುದು, ಮಲಗಿ ಟೊಂಕ ಎತ್ತುವುದು, ಮತ್ತು ನಡೆಯುವುದು. ವಾರಕ್ಕೆ ಎರಡು ಸಲ ಬರಬೇಕು. ಹೊರಡುವಾಗ ನನ್ನನ್ನು ಕರೆದು ಸುಮ್ಮನೆ ಬೆನ್ನ ಮೇಲೆ ಕೈಯಾಡಿಸಿ, “ಇಂವಗ ಎಷ್ಟು ವಯಸ್ಸು? ಇಪ್ಪತ್ತಾರೇನು? ಟೊಂಕಕ್ಕ ಅರವತ್ತಾಗ್ಯದ. ಸ್ಟೂಲ್ ಬಿಟ್ಟು ಏಳೋ ಮಿಯಾ” ಎಂದರು.

ಅಲ್ಲಿಂದ ದಿನಚರಿಯೊಂದು ಶುರುವಾಯಿತು. ಡಾಕ್ಟರ ಹೊಸ ಚೀಟಿಯ ಪ್ರಕಾರ ಗುಳಿಗೆ ನನ್ನ ಅಂಗಡಿಯ ಡ್ರಾವರಿನಲ್ಲಿ. ದಿನದ ಪಾಲು ಮಾತ್ರ ಕಾಕಾನ ಕೈಗೆ. ಅದನ್ನು ತೆಗೆದುಕೊಳ್ಳಲು ಅವರು ಬೆಳಗ್ಗೆ ಮನೆಯಿಂದ ನಾಲವಾರ ಸ್ಟೇಷನ್‌ವರೆಗೆ ನಡೆದು ಬರಬೇಕು. ನಾನು ಹಿಂದಿನ ಸಂಜೆ ಕಟ್ಟಿಕೊಂಡು ಬಂದ ಪೊಟ್ಟಣವನ್ನು ರೈಲು ಹತ್ತುವ ಮೊದಲು ಕೊಡಬೇಕು. ಮೂರೂವರೆ, ಮೂರು, ಎರಡೂವರೆ. ಗೇರು ಇಳಿದ ದಿನ ಕಾಕಾ ಕೈಯಿಂದಲೇ ಗೇರು ಹಾಕಿ ತೋರಿಸುತ್ತಿದ್ದರು. ಪ್ಲಾಟ್‌ಫಾರಂನಲ್ಲಿ ಕೂಲಿಗೆ ಹೋಗುವ ಹೆಂಗಸರು, ಈ ಮಿಲ್ಟ್ರಿಯವಗ ಏನಾತು, ಗಾಳಿಯಾಗ ಗಾಡಿ ಹೊಡೀಲಿಕತ್ಯಾನ ಎಂದು ನಗುತ್ತಿದ್ದರು. ಒದೆಯನ್ನು ಬಿಡುತ್ತಾರೇನೋ ಎಂದುಕೊಂಡಿದ್ದೆ. “ಅದೂ ಇರ್ಲಿ. ಡಾಕ್ಟರೇ ಹಾನಿ ಇಲ್ಲ ಅಂದಾರ” ಎಂದರು.

ಮೇ ಎರಡನೆಯ ವಾರಕ್ಕೆ ದಿನಕ್ಕೆ ಎರಡು ಗುಳಿಗೆಗೆ ಬಂದಿದ್ದೆವು. ನಾನೂ ನುಂಗಿದವನಂತೆ ‘ಬಂದಿದ್ದೆವು’ ಎನ್ನುತ್ತಿದ್ದೇನೆ. ಆಗ ಚಿಂಚೋಳಿ ತಾಲ್ಲೂಕಿನ ಚಿಮ್ಮನಚೋಡದಲ್ಲಿ ಲಾಲಮ್ಮ ಕಾಕಿಯ ತಮ್ಮನ ಮಗಳ ಮದುವೆ ಬಂತು. ಸೋದರತ್ತೆಯ ಗಂಡ ಹೋಗದಿದ್ದರೆ ಮದುವೆ ನಡೆಯುತ್ತದೆ, ಆದರೆ ಮುಂದಿನ ಹತ್ತು ವರ್ಷ ಸಂಸಾರ ನಡೆಯುವುದಿಲ್ಲ. ಕಾಕಾ ಹೋದರು. ಹೋಗುವಾಗ ಮುಂದಿನ ಸೀಟು ಸಿಕ್ಕಿತ್ತು. ಬರುವಾಗ ಆ ಸೀಟಿನಲ್ಲಿ ಬಾಣಂತಿಯೊಬ್ಬಳು ಕುಳಿತಳೆಂದು, ಜೀಪಿನ ಹಿಂದುಗಡೆ ಪಾತ್ರೆಗಳ ನಡುವೆ ಕುಳಿತು ಅಷ್ಟೂ ದಾರಿ ಕುಲುಕಿಕೊಂಡು ಬಂದರು.

ಮರುದಿನ ಸ್ಟೇಷನ್ನಿಗೆ ಬರಲಿಲ್ಲ. ಮಧ್ಯಾಹ್ನ ಅಂಗಡಿಗೆ ಬಂದರು. ಎಡಗೈ ಮೊಣಕಾಲಿಗೆ ಊರಿ, ಅರ್ಧಕ್ಕೆ ಮಡಿಸಿದ ಕಾಗದದಂತೆ ನಡೆಯುತ್ತ. ಸೇಠರು ನಮಾಜಿಗೆ ಹೋಗಿದ್ದರು, ರಸ್ತೆಯಲ್ಲಿ ನಾಯಿಯೂ ಇರಲಿಲ್ಲ.

“ನಯೀಮ, ಇವತ್ತೊಂದು ದಿನ ನಾಕು ಕೊಡು. ನಾಳಿಂದ ಮತ್ತ ಎರಡು.”

ನಾನು ಡ್ರಾವರು ತೆರೆದೆ. ಪಟ್ಟಿ ಕೈಗೆ ತೆಗೆದುಕೊಂಡೆ. ಕೊಡಬಾರದೆಂದು ಗೊತ್ತಿತ್ತು. ಆದರೆ ಕೊಡುವುದು ಎಷ್ಟು ಸುಲಭವೆಂದೂ ಮೂರು ವರ್ಷದಿಂದ ಗೊತ್ತಿತ್ತು. ಕೊಟ್ಟರೆ ಅವರು ಶಾಬಾಸ್ ಬೇಟಾ ಎನ್ನುತ್ತಾರೆ. ಕೊಡದಿದ್ದರೆ ಆ ಮುಖವನ್ನು ನೋಡುತ್ತ ನಿಲ್ಲಬೇಕು. ನಾನು ಒಳ್ಳೆಯವನೆನಿಸಿಕೊಂಡದ್ದೆಲ್ಲ ಇಂಥ ಸುಲಭದ ಕೆಲಸಗಳಿಂದಲೇ.

“ಕಾಕಾ, ನಾ ನಿಮಗ ಒಮ್ಮಿನೂ ಇಲ್ಲ ಅಂದಿಲ್ಲ” ಎಂದೆ. “ಅದೇ ತಪ್ಪಾಗ್ಯದ. ಎರಡೇ ಕೊಡ್ತೀನಿ.”

“ನೀ ಯಾವಾಗ ಡಾಕ್ಟರ್ ಆದಿ?”

“ಆಗಿಲ್ರಿ.”

“ಮತ್ತ?”

“ನಾಕು ಕೊಟ್ರ ನಿಮ್ಮ ಗಾಡಿ ನಾನೇ ಕಸ್ಕೊಂಡಂಗಾಗ್ತದ.”

ಅವರು ಪರೇಡಿನಲ್ಲಿ ನಿಲ್ಲಿಸಿದವನನ್ನು ನೋಡುವಂತೆ ನನ್ನನ್ನು ನೋಡಿದರು. ಸೈನ್ಯದಲ್ಲಿ ಅವರ ಕೈಕೆಳಗೆ ಇದ್ದವರ ಬಗ್ಗೆ ನನಗೆ ಅವತ್ತು ಕನಿಕರವೆನಿಸಿತು. ಆಮೇಲೆ ನಾನು ಇಟ್ಟ ಎರಡು ಗುಳಿಗೆಯನ್ನೂ ಕೌಂಟರಿನ ಮೇಲೇ ಬಿಟ್ಟು ಹೊರಟುಹೋದರು. ನಾನು ಬಾಗಿಲಿಗೆ ಬಂದು ನೋಡಿದೆ. ನಮ್ಮ ಸಾಲಿನಲ್ಲೇ ಇನ್ನೂ ಮೂರು ಮೆಡಿಕಲ್‌ಗಳಿವೆ. ನನ್ನಂಥ ನಗುವವರು ಅಲ್ಲೂ ಇದ್ದಾರೆ. ಆದರೆ ಕಾಕಾ ಯಾವ ಅಂಗಡಿಗೂ ತಿರುಗದೆ ಸ್ಟೇಷನ್ ಕಡೆ ನಡೆದರು. ನಾಲವಾರದ ರೈಲಿಗೆ ಇನ್ನೂ ಎರಡು ತಾಸಿತ್ತು. ಅದು ಗೊತ್ತಿದ್ದೂ ಲಾಲಮ್ಮ ಕಾಕಿಗೆ ಫೋನ್ ಮಾಡಿದೆ, ಮನೆಗೆ ಬಂದಿಲ್ಲ ಎಂದಳು. ಒಂದು ತಾಸು ಬಿಟ್ಟು ಮತ್ತೆ ಮಾಡಿದೆ. ಇಲ್ಲ. ಸಕ್ಕರೆ ರೋಗದವರಿಗೆ ಕೆಮ್ಮಿನ ಔಷಧಿ, ಕೆಮ್ಮಿನವರಿಗೆ ಮುಲಾಮು ಕೊಡಲು ಹೋಗಿ ಸೇಠರಿಂದ ಬೈಸಿಕೊಂಡೆ.

ಐದು ಗಂಟೆಗೆ ಖಾಜಾಮಿಯಾರ ಫೋನ್ ಬಂತು. “ಮಿಯಾ, ನಿಮ್ಮ ಫೌಜಿ ಇಲ್ಲಿ ಫರ್ಸಿ ಮ್ಯಾಲ ಮಲಗ್ಯಾರ. ಎರಡು ತಾಸಾಯ್ತು. ಇವತ್ತ ನಾ ತಿರವಲಿಕ್ಕ ಹೋಗಿಲ್ಲ, ಬಿಸಿ ಕೊಟ್ಟು ಬಿಟ್ಟೀನಿ. ನಿನಗ ಬೈಲಿಕತ್ತಾರ. ಬೈಗುಳ ಹೊಸಾ ಹೊಸಾವು ಅವ, ಅಂದ್ರ ಜೀವಕ್ಕ ಆರಾಮ ಅದ. ಎರಡು ಗುಳಿಗಿ ತಗೊಂಡು ಬಾ.”

ಮುಂದಿನ ಹದಿನೈದು ದಿನ ಡಾಕ್ಟರು ಎರಡರಲ್ಲೇ ನಿಲ್ಲಿಸಿದರು. ಅದೇ ಗೇರು. ಬೇರೆ ದಾರಿ ಇರಲಿಲ್ಲ, ಆದರೆ ಲೆಕ್ಕ ಎಲ್ಲರಿಗೂ ಗೊತ್ತಿತ್ತು: ಜೂನ್ ಒಂದಕ್ಕೆ ಗುಳಿಗೆ ಬಿಟ್ಟಿರುವುದಿಲ್ಲ. ಇನ್ನೂ ಒಂದೂವರೆ ನುಂಗುತ್ತಿರುತ್ತಾರೆ.

“ಶಾಲಿಯವ್ರಿಗೆ ಬಿಟ್ಟೀನಿ ಅಂತ ಹೇಳಿಬಿಡ್ರಿ” ಎಂದಳು ಕಾಕಿ. “ರಾತ್ರಿ ನುಂಗಿದ್ದು ಮುಂಜಾನಿ ಯಾರಿಗೆ ಕಾಣ್ತದ?”

“ಬ್ರೇಕಿಗೆ ಕಾಣ್ತದ” ಎಂದರು ಕಾಕಾ.

ಜೂನ್ ಒಂದರಂದು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಶಾಲೆಗೆ ಹೋದರು. ನಾನೂ ಜೊತೆಗೆ ಹೋಗಿದ್ದೆ, ಧೈರ್ಯ ಹೇಳಲೆಂದು; ಬಾಗಿಲ ಹೊರಗೇ ನಿಂತೆ. ಅಂಗಳದಲ್ಲಿ ಹಳದಿ ಬಸ್ಸಿನ ಬಾನೆಟ್ ಮೇಲೆ ಕೈಯಿಟ್ಟುಕೊಂಡು ತಮ್ಮಣ್ಣ ಎಂಬ ಹೊಸ ಡ್ರೈವರ್ ನಿಂತಿದ್ದ. ಮೊದಲು ಸಿಮೆಂಟು ಲಾರಿ ಓಡಿಸುತ್ತಿದ್ದವನು.

“ಇನ್ನಾ ಒಂದೂವರಿ ಉಳದದ ಮೇಡಂ” ಎಂದರು ಕಾಕಾ ಒಳಗೆ. “ಅದನ್ನ ಇಳಿಸಿ, ಮ್ಯಾಲೊಂದು ವಾರ. ಇಪ್ಪತ್ತೈದು ದಿನ ಬೇಕು. ಕೊಡ್ಲಿಲ್ಲಂದ್ರೂ ತಪ್ಪಿಲ್ಲ, ಮಾತು ನಾನೇ ತಪ್ಪೀನಿ.”

ಫಿರ್ದೋಸ್ ಮೇಡಂ ರಿಜಿಸ್ಟರ್ ಮುಚ್ಚಿದ ಸದ್ದು ಹೊರಗೆ ನಿಂತ ನನಗೂ ಕೇಳಿಸಿತು.

“ಬಿಟ್ಟೀನಿ ಅಂತ ಸುಳ್ಳು ಹೇಳಿದ್ರ ನಂಬಿ ಚಾವಿ ಕೊಡ್ತಿದ್ದೆ ಹವಾಲ್ದಾರ್‌ಸಾಬ್. ನನಗ ಏನ್ ಗೊತ್ತಾಗ್ತದ?” ಎಂದರು. “ತಮ್ಮಣ್ಣಗ ಜೂನ್ ಮುಗಿಯೋತನಕ ಅಂತ ಹೇಳ್ತೀನಿ. ಅಲ್ಲೀತನಕ ನೀವು ಬಸ್ಸಿನಾಗ ಹುಡುಗರನ್ನ ನೋಡಿಕೊಂಡು ಕುಂದರ್ರಿ. ಗಾಡಿ ಮಾತ್ರ ಮುಟ್ಟಬ್ಯಾಡ್ರಿ.”

ಆ ಇಪ್ಪತ್ತೈದು ದಿನ ಕಾಕಾ ಅನುಭವಿಸಿದ್ದು ಟೊಂಕದ ನೋವಲ್ಲ. ಬಾಗಿಲ ಪಕ್ಕದ ಸಣ್ಣ ಸೀಟಿನಲ್ಲಿ ಕುಳಿತು, ತಮ್ಮಣ್ಣ ಮಕ್ಕಳನ್ನು ಸಿಮೆಂಟು ಚೀಲದಂತೆ ಒಯ್ಯುವುದನ್ನು ಸುಮ್ಮನೆ ನೋಡುವ ನೋವು. ತಿರುವಿನಲ್ಲಿ ಅವರ ಬಲಗಾಲು ತಾನಾಗಿ ನೆಲ ಒತ್ತುತ್ತಿತ್ತಂತೆ. ಪ್ರತಿ ಸಂಜೆ ಕಸರತ್ತು, ವಾರಕ್ಕೆರಡು ಸಲ ಶಹಾಬಾದ್. ಒಂದು, ಅರ್ಧ, ಆಮೇಲೆ ಸೊನ್ನೆ. ಸೊನ್ನೆಯ ಮೊದಲ ಮೂರು ದಿನ ನಿದ್ದೆ ಸರಿಯಾಗಿ ಬರಲಿಲ್ಲ, ಕಾಕಿಗೂ ಬರಗೊಡಲಿಲ್ಲ. ಏಳನೆಯ ದಿನ ಡಾಕ್ಟರಿಗೆ ಫೋನ್ ಮಾಡಿದರು. ನೋವು ಹೇಗಿದೆ ಎಂದು ಡಾಕ್ಟರು ಕೇಳಿದರು.

“ಅದ ಸಾಹೇಬ್ರ. ಮೊದಲು ಡ್ರೈವರ್ ಸೀಟಿನಾಗ ಕುಂದರ್ತಿತ್ತು. ಈಗ ಹಿಂದಿನ ಸೀಟಿನಾಗ ಕುಂತದ.”

ಜೂನ್ ಕೊನೆಯ ವಾರ. ಒಂದು ಬೆಳಗ್ಗೆ ನಾನು ಎದ್ದದ್ದೇ ತಡವಾಗಿ, ರೈಲು ಹೊರಟು ಹೋಗುವುದನ್ನು ಊರಿನ ಇತ್ತ ಕಡೆಯಿಂದ ನೋಡಿದೆ. ರಾತ್ರಿ ಮಳೆಯಾಗಿ ಕಪ್ಪು ಮಣ್ಣು ಚಪ್ಪಲಿಗೆ ಮೆತ್ತಿಕೊಳ್ಳುತ್ತಿತ್ತು. ಯಾವುದಾದರೂ ಟಂಟಂ ಆಟೋ ಸಿಗಲಿ ಎಂದು ವಾಡಿ ರಸ್ತೆಗೆ ಬಂದು ನಿಂತಾಗ ದೂರದಲ್ಲಿ ಹಳದಿ ಬಸ್ಸು ಕಂಡಿತು. ಹಳ್ಳದ ತಿರುವಿಗೆ ಬಹಳ ಮೊದಲೇ ನಿಧಾನವಾಗಿ, ಕೆಸರನ್ನು ನೋಡಿ ನೋಡಿ ದಾಟಿ, ಮತ್ತೆ ವೇಗ ಹಿಡಿಯಿತು. ತಮ್ಮಣ್ಣ ಹಾಗೆ ಓಡಿಸುವವನಲ್ಲ.

ನಾನು ಎರಡೂ ಕೈ ಎತ್ತಿ ರಸ್ತೆಯ ಅಂಚಿಗೆ ಬಂದೆ. ಗಾಜಿನ ಹಿಂದೆ ಮೀಸೆ ಕಾಣಿಸಿತು. ಕಾಕಾ ಬೆನ್ನಿಗೊಂದು ಸಣ್ಣ ದಿಂಬು ಕೊಟ್ಟುಕೊಂಡು ನೆಟ್ಟಗೆ ಕುಳಿತಿದ್ದರು. ನನ್ನನ್ನು ನೋಡಿದರು. ಎರಡು ಸಲ ಹಾರ್ನ್ ಹೊಡೆದರು. ಬಲಗೈಯ ಒಂದು ಬೆರಳನ್ನು ಮಾತ್ರ ಸ್ಟೇರಿಂಗಿನಿಂದ ಎತ್ತಿ ಅಲ್ಲಾಡಿಸಿದರು: ಮಕ್ಕಳ ಗಾಡಿ, ಹೊರಗಿನವರಿಗೆ ಇಲ್ಲ. ಕಿಟಕಿಗಳಲ್ಲಿ ಮಕ್ಕಳು ನನಗೆ ಟಾಟಾ ಮಾಡುತ್ತ ಹೋದರು.

ಟಂಟಂ ಸಿಕ್ಕಿದ್ದು ಹತ್ತೂವರೆಗೆ. ಸೇಠರು ಗಡಿಯಾರ ತೋರಿಸಿ, “ಯಾಕ ತಡಾ ಆಯ್ತು?” ಎಂದು ಕೇಳಿದರು.

“ಕಾಕಾ ಬಸ್ ನಿಂದ್ರಸಲಿಲ್ರಿ” ಎಂದೆ.

ದೂರು ಹೇಳುವವನು ಅಷ್ಟು ಹಲ್ಲು ಬಿಡಬಾರದಿತ್ತು. ಅವತ್ತು ಸಂಜೆಯವರೆಗೂ ಸೇಠರು ನನ್ನನ್ನು ಸ್ಟೂಲಿನ ಮೇಲೆ ಕೂಡಗೊಡಲಿಲ್ಲ.